ಐದನೇ ಕೌಂಟರ್‌ಗೆ ದಯವಿಟ್ಟು ಬನ್ನಿ

ಪೀಪಿಯ ಮಂಚದ ಮೇಲೆ ಪೀಪಿ ಮಲಗದೆ ಎಂಟು ತಿಂಗಳಾಗಿತ್ತು.

ಮಂಚಕ್ಕೇನೂ ಆಗಿರಲಿಲ್ಲ. ನಾಲ್ಕು ಕಾಲೂ ಗಟ್ಟಿಮುಟ್ಟು, ಹಾಸಿಗೆಯೂ ಮೆತ್ತಗೆ. ಅದರ ಮೇಲೆ ಬಾಮೈದನಿದ್ದ, ಅಷ್ಟೇ. "ಎರಡೇ ದಿನ ಭಾವ, ಒಂದ್ ಇಂಟರ್‌ವ್ಯೂ ಇದೆ" ಎಂದು ಚೀಲ ಹಿಡಿದು ಬಂದವನು ಮೊದಲ ದಿನ ಮಂಚದ ಮೇಲೆ ಕೂತ, ಎರಡನೇ ದಿನ ಒರಗಿದ, ಮೂರನೇ ದಿನದಿಂದ ಅವನು ನಿಂತದ್ದನ್ನು ಕಂಡವರಿಲ್ಲ. ಮಲಗಿದಲ್ಲೇ ಫೋನಿನಲ್ಲಿ ಸಿನಿಮಾ ನೋಡುತ್ತಿದ್ದ, ಮಲಗಿದಲ್ಲೇ ಡೈಲಾಗ್ ಹೊಡೆಯುತ್ತಿದ್ದ. ಪಕ್ಕದ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮಿಷಿನ್ನು, ಬಟ್ಟೆಯ ಗಂಟುಗಳು, ಉಳಿದ ಜಾಗದಲ್ಲಿ ಹೆಂಡತಿ. ಹೀಗಾಗಿ ಮನೆಯ ಯಜಮಾನ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಸಂದಿಯಲ್ಲಿ ಚಾಪೆ ಹಾಸಿಕೊಂಡು, ಕಾಲು ಚಾಚಿದರೆ ಬಕೆಟ್ಟು, ತಲೆ ಎತ್ತಿದರೆ ಸಿಲಿಂಡರು ಎಂಬ ಸ್ಥಿತಿಯಲ್ಲಿ ಸಂಸಾರ ನಡೆಸುತ್ತಿದ್ದ.

ಎಬ್ಬಿಸಲಿಲ್ಲವೇ ಎಂದು ನೀವು ಕೇಳಬಹುದು. ದಿನಾ ಎಬ್ಬಿಸುತ್ತಿದ್ದ. ತೊಂದರೆ ಇದ್ದದ್ದು ಗಂಟಲಿನಲ್ಲಿ. ಪೀಪಿ ಎನ್ನುವ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ದೇಹ ನೋಡಿದರೆ ಬಾಗಿಲು ತುಂಬುವಷ್ಟಿತ್ತು. ಬಾಯಿ ಬಿಟ್ಟರೆ ಮಕ್ಕಳು ಊದುವ ಪೀಪಿಯ ಸದ್ದು. "ಏಳೋ ಮೇಲೆ! ಇದು ನನ್ ಮಂಚ!" ಎಂದು ಅವನು ಗರ್ಜಿಸಿದರೆ ಬಾಮೈದ ಕಣ್ಣು ಬಿಡದೆ, "ಅಕ್ಕಾ, ಕಿಟಕೀಲಿ ಯಾವ್ದೋ ಗುಬ್ಬಿ ಕೂತಿದೆ, ಓಡ್ಸು" ಎನ್ನುತ್ತಿದ್ದ.

ಗೋಡೆಯ ಮೇಲೊಂದು ಕ್ಯಾಲೆಂಡರ್ ಇತ್ತು. ದಿನಕ್ಕೊಂದು ಹಾಳೆ, ಹಾಳೆಗೊಂದು ಇಂಗ್ಲಿಷ್ ನುಡಿಗಟ್ಟು, ಕೆಳಗೆ ಅರ್ಥ, ಅದರ ಕೆಳಗೆ "ನಿಮ್ಮ ಸ್ವಂತ ವಾಕ್ಯದಲ್ಲಿ ಬಳಸಿ" ಎಂದು ಖಾಲಿ ಗೆರೆ. ಒಂದು ಶನಿವಾರ ಪೀಪಿ ಹಳೆಯ ಹಾಳೆ ಹರಿದ. ಹೊಸ ಹಾಳೆಯಲ್ಲಿತ್ತು: "ಗೇನ್ ದಿ ಅಪ್ಪರ್ ಹ್ಯಾಂಡ್. ಅರ್ಥ: ಇತರರ ಮೇಲೆ ಹಿಡಿತ ಸಾಧಿಸುವುದು."

ಮಂಚದ ಮೇಲಿಂದ ದನಿ ಬಂತು. "ಭಾವ, ಆ ಹಾಳೇನೂ ಹರ್ದ್‌ಬಿಡಿ. ಅದು ನಿಮ್ ಸಿಲೆಬಸ್ಸಲ್ಲ."

ಒಳಗೆ ಹೊಲಿಗೆ ಮಿಷಿನ್ನು ನಿಂತಿತು. ಹೆಂಡತಿ ನಕ್ಕಳು. ದೊಡ್ಡ ನಗುವೇನಲ್ಲ, ಮೂಗಿನಲ್ಲಿ "ಹುಂ" ಎನ್ನುವಷ್ಟು. ಎಂಟು ತಿಂಗಳು ಬಕೆಟ್ಟಿಗೆ ಕಾಲು ಕೊಟ್ಟು ಮಲಗಿದ ಮನುಷ್ಯನಿಗೆ ಆ ಅರ್ಧ ನಗು ತಗುಲಿದ ಜಾಗ ಬೇರೆಯೇ. ಸಿನಿಮಾ ಆಗಿದ್ದರೆ ಇಲ್ಲಿ ಗುಡುಗು, ಮಿಂಚು, ಕಣ್ಣಿನ ಕ್ಲೋಸಪ್ಪು. ಪೀಪಿ ಮಾತ್ರ ಊಟದ ಡಬ್ಬಿ ಎತ್ತಿಕೊಂಡು ಆಫೀಸಿಗೆ ಹೋದ.

ಪೀಪಿಯ ಆಫೀಸು ಎಂದರೆ ಊರಿನ ಜನವೆಲ್ಲ ಯಾವುದಾದರೂ ಒಂದು ಕಾಗದಕ್ಕಾಗಿ ಬಂದು ಕಾಯುವ ಜಾಗ. ದೊಡ್ಡ ಹಾಲ್, ನಾಲ್ಕು ಕೌಂಟರು, ನೆಲಕ್ಕೆ ಸ್ಕ್ರೂ ಹೊಡೆದ ಕಬ್ಬಿಣದ ಬೆಂಚುಗಳು. ಎರಡು ತಿಂಗಳ ಹಿಂದೆ ಅಲ್ಲಿಗೆ ಟೋಕನ್ ಮಿಷಿನ್ ಬಂದಿತ್ತು. ಅದಕ್ಕೊಂದು ದನಿ ಬೇಕೆಂದು ಮಿಷಿನ್ ರಿಪೇರಿಯವನು ರೆಕಾರ್ಡ್ ರೂಮಿನಲ್ಲಿ ಮೈಕು ಹಿಡಿದು ಕೂತ. ಮೊದಲು ಹೆಡ್ ಗುಮಾಸ್ತರು ಬಂದರು. "ಟೋಕನ್ ಸಂಖ್ಯೆ ಒಂದು" ಎಂದರು. ಇಪ್ಪತ್ತೆರಡು ವರ್ಷದ ಅಭ್ಯಾಸ, "ಇವತ್ತಾಗಲ್ಲ, ಹೋಗಿ ಹೋಗಿ" ಎಂದು ಸೇರಿಸಿಬಿಟ್ಟರು.

"ಸಾರ್, 'ಹೋಗಿ' ಬೇಡ. 'ಬನ್ನಿ' ಸಾಕು" ಎಂದ ರಿಪೇರಿಯವನು. ನಾಲ್ಕು ಸಲ ಪ್ರಯತ್ನಿಸಿದರೂ ಹೆಡ್ ಗುಮಾಸ್ತರ ಬಾಯಿಂದ 'ಬನ್ನಿ' ಹೊರಡಲಿಲ್ಲ.

ಅಷ್ಟರಲ್ಲಿ ಕಪಾಟಿನ ಹಿಂದೆ ಯಾರೋ ಕೆಮ್ಮಿದರು. ಗುಹೆಯೊಳಗೆ ಬಂಡೆ ಉರುಳಿದಂತಿತ್ತು. ನೋಡಿದರೆ ಪೀಪಿ, ಆ ದಿನ ಅವನಿಗೆ ಭಯಂಕರ ನೆಗಡಿ. ಮೂಗು ಕಟ್ಟಿ, ಗಂಟಲು ಊದಿ, ಪೀಪಿ ಹೋಗಿ ಖಳನಾಯಕನ ಕಂಠ ಬಂದಿತ್ತು. ರಿಪೇರಿಯವನು ಅವನನ್ನು ಎಳೆದು ಕೂರಿಸಿ ಅಂಕಿಗಳನ್ನು ಓದಿಸಿದ. ಜೊತೆಗೆ "ಟೋಕನ್ ಸಂಖ್ಯೆ", "ಕೌಂಟರ್ ಸಂಖ್ಯೆ", "ದಯವಿಟ್ಟು ಬನ್ನಿ", "ದಯವಿಟ್ಟು ಕಾಯಿರಿ", "ಧನ್ಯವಾದಗಳು". ಸಂಜೆ ಮನೆ ಸೇರುವಷ್ಟರಲ್ಲಿ ನೆಗಡಿ ಹೋಯಿತು, ಕಂಠವೂ ಹೋಯಿತು. ಮಿಷಿನ್ನಿನದು ತನ್ನ ದನಿ ಎಂದು ಪೀಪಿ ಹೇಳಿಕೊಂಡಾಗಲೆಲ್ಲ ಜನ ನಕ್ಕರು.

ಆದರೆ ಅದೇ ಜನ ಆ ದನಿ ಕೇಳಿದರೆ ಸಾಕು, ಎದ್ದು ನಿಲ್ಲುತ್ತಿದ್ದರು. ಆ ಶನಿವಾರ ಹಾಲಿನಲ್ಲಿ ಇಬ್ಬರು ಕಾಲರ್ ಹಿಡಿದು ಜಗಳವಾಡುತ್ತಿದ್ದರು. ಪೀಪಿ ಹೋಗಿ "ಬಿಡ್ರಪ್ಪಾ, ಬಿಡ್ರೋ" ಎಂದು ಹತ್ತು ಸಲ ಕೂಗಿದ. ಒಬ್ಬ ಅವನನ್ನು ಪಕ್ಕಕ್ಕೆ ತಳ್ಳಿದ. ಆಗ ಮೇಲಿಂದ ಗಂಭೀರವಾಗಿ, "ಟೋಕನ್ ಸಂಖ್ಯೆ... ಅರವತ್ತೊಂದು... ಕೌಂಟರ್ ಸಂಖ್ಯೆ... ಮೂರು... ದಯವಿಟ್ಟು ಬನ್ನಿ" ಎಂದು ಕೇಳಿಸಿತು. ತಳ್ಳಿದವನ ಕೈ ತಾನಾಗಿ ಸಡಿಲವಾಯಿತು. ಹರಿದ ಕಾಲರಿನಲ್ಲೇ, ಕಣ್ಣು ಮಿಟುಕಿಸದೆ, ಮೂರನೇ ಕೌಂಟರಿಗೆ ನಡೆದ.

ಪೀಪಿಯ ತಲೆಯಲ್ಲಿ ಬಲ್ಬು ಹೊತ್ತಿತು. ಕಡಿಮೆ ವೋಲ್ಟೇಜಿನದು, ಆದರೂ ಹೊತ್ತಿತು.

ಮಿಷಿನ್ ಕೆಟ್ಟರೆ ಇರಲಿ ಎಂದು ರಿಪೇರಿಯವನು ಒಂದು ಸಣ್ಣ ಡಬ್ಬಿ ಕೊಟ್ಟಿದ್ದ: ಬ್ಯಾಟರಿ ಹಾಕಿ ನಂಬರ್ ಒತ್ತಿದರೆ ಅದೇ ದನಿಯಲ್ಲಿ ಕೂಗುತ್ತಿತ್ತು. ಪೀಪಿ ಅದನ್ನೂ ಒಂದು ಹೊಸ ಟೋಕನ್ ರೋಲನ್ನೂ ಊಟದ ಡಬ್ಬಿಯ ಚೀಲದಲ್ಲಿ ಅಡಗಿಸಿ ಮನೆಗೆ ತಂದ.

ಭಾನುವಾರ ಮಧ್ಯಾಹ್ನ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಬಾಮೈದ ಊಟ ಮುಗಿಸಿ ಗೊರಕೆಯ ಸೆಕೆಂಡ್ ಹಾಫ್‌ನಲ್ಲಿದ್ದ. ಪೀಪಿ ರೋಲು ಬಿಚ್ಚಿದ. ಒಂದನೇ ನಂಬರಿನ ಚೀಟಿಗೆ ಅಂಟು ಹತ್ತಿತ್ತು; ಅದನ್ನು ಕಿತ್ತು, ಎಸೆಯುವುದೇಕೆಂದು ಮಡಚಿ, ತನ್ನ ಕನ್ನಡಕದ ಡಬ್ಬಿಯ ಸಡಿಲ ಮುಚ್ಚಳಕ್ಕೆ ಸಿಕ್ಕಿಸಿದ. ಮುಚ್ಚಳ ಬಿಗಿಯಾಯಿತು. ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಆ ವಿಷಯವನ್ನು ಮರೆತ. ಎರಡನೇ ನಂಬರಿನ ಚೀಟಿಯನ್ನು ಬಾಮೈದನ ಅಂಗಿಯ ಜೇಬಿಗೆ ಇಳಿಸಿದ.

ಈಗ ಯಾವ ಕೌಂಟರು? ಒಂದರಿಂದ ನಾಲ್ಕರವರೆಗೆ ಕರೆದರೆ ಇವನು ನೇರ ಆಫೀಸಿಗೇ ಬಂದು ವಕ್ಕರಿಸುತ್ತಾನೆ. ಇಲ್ಲದ ಕೌಂಟರಿಗೆ ಕರೆದರೆ ಹುಡುಕುತ್ತ ಹುಡುಕುತ್ತ ತನ್ನ ಊರು ಸೇರುತ್ತಾನೆ. ಈ ಲೆಕ್ಕಾಚಾರಕ್ಕೆ ಪೀಪಿ ತನಗೆ ತಾನೇ ಭೇಷ್ ಎಂದುಕೊಂಡು ಕೂಗುವ ಡಬ್ಬಿಯಲ್ಲಿ ಐದು ಒತ್ತಿದ.

"ಟೋಕನ್ ಸಂಖ್ಯೆ... ಎರಡು... ಕೌಂಟರ್ ಸಂಖ್ಯೆ..."

ಅಲ್ಲಿ ಡಬ್ಬಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಯಾರೋ ಉಸಿರು ಎಳೆದುಕೊಂಡ ಹಾಗೆ.

"...ಐದು. ದಯವಿಟ್ಟು ಬನ್ನಿ."

ಗೊರಕೆ ನಿಂತಿತು. ಬಾಮೈದ ಎದ್ದು ಕೂತ. ಎಂಟು ತಿಂಗಳಲ್ಲಿ ಮೊದಲ ಸಲ ಹೊದಿಕೆ ಮಡಚಿದ, ಮೂಲೆಗೆ ಮೂಲೆ ಸೇರಿಸಿ. ಡೈಲಾಗಿಲ್ಲ, ಆಕಳಿಕೆಯಿಲ್ಲ. ಫೋನನ್ನು ದಿಂಬಿನ ಮೇಲೆ ಬಿಟ್ಟು, ಬರಿಗಾಲಲ್ಲಿ ಬಿಸಿಲಿಗಿಳಿದು, ಬೀದಿಯ ನಟ್ಟನಡುವೆ ನಡೆದುಕೊಂಡು ಹೋದ. ಅವನ ನೆರಳು ಅವನಿಗಿಂತ ಒಂದು ಹೆಜ್ಜೆ ಮುಂದಿತ್ತು, ಅವಸರದಲ್ಲಿದ್ದಂತೆ.

"ತಮ್ಮ ಎಲ್ರೀ?" ಎಂದಳು ಹೆಂಡತಿ.

"ಇಂಟರ್‌ವ್ಯೂಗೆ ಹೋದ."

"ಭಾನುವಾರಾನಾ?"

"ದೊಡ್ಡ ಕಂಪನಿ ಕಣೇ" ಎಂದು ಪೀಪಿ ಮಂಚದ ಮೇಲೆ ಬಿದ್ದು ಉದ್ದಕ್ಕೆ ಕಾಲು ಚಾಚಿದ. ಬಕೆಟ್ಟು ಸಿಗಲಿಲ್ಲ. ಕಣ್ಣಲ್ಲಿ ನೀರು ಬಂತು.

ಸೋಮವಾರ ಆಫೀಸಿಗೆ ಹೋದರೆ ಹಾಲಿನ ಹಿಂದಿನ ಓಣಿಯಂಥ ಕಾರಿಡಾರಿನಲ್ಲಿ, ಕೊನೆಯ ಬೆಂಚಿನ ಮೇಲೆ ಬಾಮೈದ ಕೂತಿದ್ದ. ಎದುರಿಗೆ ಸುಣ್ಣ ಬಳಿದ ಖಾಲಿ ಗೋಡೆ. ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ, ಬೆರಳ ನಡುವೆ ಚೀಟಿ.

"ಲೋ, ಇಲ್ಲೇನೋ ಮಾಡ್ತಿದೀಯ?"

"ಕಾಯ್ತಿದೀನಿ ಭಾವ."

"ಯಾತಕ್ಕೆ?"

"ಒಂದನೇ ನಂಬರ್‌ನೋರು ಇನ್ನೂ ಬಂದಿಲ್ವಂತೆ. ಅವರದು ಆಗ್ದೆ ನಂದು ಬರಲ್ವಂತೆ."

"ಯಾರೋ ಹಂಗಂದೋರು?"

ಬಾಮೈದ ಗೋಡೆ ತೋರಿಸಿದ.

ಪೀಪಿ ಕಾವಲುಗಾರನನ್ನು ಕರೆದು, "ಇವ್ನನ್ನ ಮನೆಗೆ ಕಳಿಸಪ್ಪಾ" ಎಂದ. ಕಾವಲುಗಾರ ಚೀಟಿ ನೋಡಿದ. "ಟೋಕನ್ ಇದೆಯಲ್ಲ ಸಾರ್. ಟೋಕನ್ ಇರೋರನ್ನ ಎಬ್ಬಿಸೋ ರೂಲ್ಸು ನಮ್ಮಲ್ಲಿಲ್ಲ." ಹೆಡ್ ಗುಮಾಸ್ತರೂ ಬಂದು ಕನ್ನಡಕ ಏರಿಸಿ ಪರಿಶೀಲಿಸಿದರು. "ಇಷ್ಟು ಶಿಸ್ತಿನ ಅರ್ಜಿದಾರನ್ನ ನಾನು ನೋಡೇ ಇಲ್ಲ. ಯಾರಯ್ಯಾ ಇದು? ನಿನ್ ಬಾಮೈದಾನಾ? ನೋಡಿ ಕಲೀ!"

ನೀವೋ ನಾನೋ ಆಗಿದ್ದರೆ ಅಲ್ಲಿಗೆ ಡಬ್ಬಿಯನ್ನು ಬಾವಿಗೆ ಎಸೆದು ಬರುತ್ತಿದ್ದೆವು. ಆದರೆ ಒಂದು ಸಲ ಮಂಚದ ಸುಖ ಕಂಡವನ ತಲೆ ಬೇರೆ ದಿಕ್ಕಿಗೆ ಓಡುತ್ತದೆ. ಮಹಡಿಯ ಮೇಲೆ ಮನೆ ಓನರ್ ಇದ್ದರು. ಬೆಳಿಗ್ಗೆ ಏಳಕ್ಕೆ ಸರಿಯಾಗಿ, ಪೀಪಿ ಸೋಪು ಹಚ್ಚಿಕೊಂಡ ಹೊತ್ತು ನೋಡಿಯೇ, ನೀರು ನಿಲ್ಲಿಸುತ್ತಿದ್ದರು. ಮಂಗಳವಾರ ಅವರ ಕೈಗೆ ಮೂರನೇ ನಂಬರಿನ ಚೀಟಿ ಬಂತು.

"ಏನಯ್ಯಾ ಇದು ಚೀಟಿ?"

"ನೀರಿನ ಅರ್ಜಿದು ಸಾರ್. ಇಟ್ಕೊಂಡಿರಿ."

ಅರ್ಧ ಗಂಟೆಯಲ್ಲಿ ಓನರ್ ಒಂದು ಕೆನ್ನೆಯ ಮೇಲೆ ಶೇವಿಂಗ್ ನೊರೆ ಇಟ್ಟುಕೊಂಡೇ ಮೆಟ್ಟಿಲಿಳಿದು ಹೋದರು. ಅವರ ಹೆಂಡತಿ ಬಾಲ್ಕನಿಯಿಂದ ನೋಡಿ, "ಎಲ್ಲೋ ಹೋಗ್ತಿದಾರೆ, ಹೋಗ್ಲಿ ಬಿಡಿ" ಎಂದು ಟೀವಿಯ ಸದ್ದು ಜಾಸ್ತಿ ಮಾಡಿದರು. ನಲ್ಲಿಯಲ್ಲಿ ದಿನವಿಡೀ ನೀರು.

ಬುಧವಾರ ಹೆಡ್ ಗುಮಾಸ್ತರು. ಹತ್ತು ವರ್ಷದಿಂದ ಪೀಪಿಯ ಮೇಜನ್ನು ಶೌಚಾಲಯದ ಬಾಗಿಲಿಗೇ ಹಾಕಿಸಿದ್ದ ಮಹಾನುಭಾವರು. ನಾಲ್ಕನೇ ಚೀಟಿ ಅವರ ಫೈಲಿನೊಳಗೆ ಹೋಯಿತು. ಫೈಲು ಅವರ ಕಂಕುಳಿಗೆ ಹೋಯಿತು. ಕಂಕುಳು ಸಮೇತ ಅವರು ಓಣಿಗೆ ಹೋದರು. ಪೀಪಿ ಅವರ ತಿರುಗುವ ಕುರ್ಚಿಯಲ್ಲಿ ಕೂತು ಸ್ಲೋ ಮೋಷನ್ನಿನಲ್ಲಿ ಒಂದು ಸುತ್ತು ತಿರುಗಿದ. ಮನೆಗೆ ಬಂದು ಶನಿವಾರದ ಆ ಹಾಳೆಯನ್ನು ಕಸದಿಂದ ಹೆಕ್ಕಿ, ಖಾಲಿ ಗೆರೆಯ ಮೇಲೆ ಬರೆದ: "ನಾನು ಅಪ್ಪರ್ ಹ್ಯಾಂಡ್ ಗೇನ್ ಮಾಡಿದೆ."

ಇಂಟರ್‌ವೆಲ್ ಇಲ್ಲಿಗೇ ಬರಬೇಕಿತ್ತು.

ಗುರುವಾರ ಓಣಿಗೆ ಇಣುಕಿದರೆ ಏನೋ ಸರಿಯಿಲ್ಲ ಅನಿಸಿತು. ಸೋಮವಾರ ಬಾಮೈದನ ಮೊಣಕಾಲಿಗೂ ಗೋಡೆಗೂ ನಡುವೆ ಫೈಲಿನ ತಳ್ಳುಗಾಡಿ ಹೋಗುವಷ್ಟು ಜಾಗವಿತ್ತು. ಈಗ ಕೈ ಹಿಡಿಸುವಷ್ಟೂ ಇರಲಿಲ್ಲ. ಪೀಪಿ ಬಗ್ಗಿ ನೋಡಿದ. ಬೆಂಚಿನ ಸ್ಕ್ರೂಗಳು ಇದ್ದಲ್ಲೇ ಇದ್ದವು, ತುಕ್ಕು ಸಮೇತ.

"ಸಾರ್, ಸ್ವಲ್ಪ ಹಿಂದಕ್ಕೆ ಸರ್ಕೊಳ್ಳಿ" ಎಂದ.

"ಕಾಯ್ತಿದೀವಿ" ಎಂದರು ಮೂವರೂ. ಒಂದೇ ಉಸಿರಿನಲ್ಲಿ. ಓನರ್ ಕೆನ್ನೆಯ ನೊರೆ ಇನ್ನೂ ಒದ್ದೆಯಾಗಿಯೇ ಇತ್ತು.

ಮನೆಗೆ ಬಂದರೆ ಅಲ್ಲೂ ಅದೇ. ಮಂಚವಿತ್ತು, ನಿದ್ದೆಯಿರಲಿಲ್ಲ. ದಿಂಬಿನ ನಡುವೆ ಬಾಮೈದನ ತಲೆಯ ಗುಂಡಿ ಹಾಗೇ ಉಳಿದಿತ್ತು. ಎಷ್ಟು ಕುಟ್ಟಿದರೂ ಅದು ಮೇಲೆ ಬರಲಿಲ್ಲ. ಅದರಲ್ಲಿ ತಲೆಯಿಟ್ಟರೆ ದೂರದಲ್ಲಿ ಯಾರೋ ನಂಬರ್ ಓದುತ್ತಿದ್ದ ಹಾಗೆ ಕೇಳಿಸುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಹೊಲಿಗೆ ಮಿಷಿನ್ನಿನ ಸದ್ದಿಲ್ಲ. ನೋಡಿದರೆ ಹೆಂಡತಿ ಸಂದಿಯಲ್ಲಿ, ಅವನ ಹಳೆಯ ಚಾಪೆಯ ಮೇಲೆ, ಬಕೆಟ್ಟಿಗೆ ಕಾಲು ಕೊಟ್ಟು ಮಲಗಿದ್ದಳು.

"ಏನೇ ಇದು?"

"ಯಾವ ಕಂಪನಿ ರೀ ಅದು, ಐದು ದಿನ ಇಂಟರ್‌ವ್ಯೂ ಮಾಡೋದು? ಫೋನೂ ಬಿಟ್ಟು ಹೋಗಿದಾನೆ. ಅವ್ನು ಫೋನ್ ಬಿಟ್ಟು ಬಚ್ಚಲಿಗೂ ಹೋದೋನಲ್ಲ."

ಪೀಪಿ ಎಲ್ಲ ಒಪ್ಪಿಕೊಂಡ. ಚೀಟಿ, ಡಬ್ಬಿ, ಐದನೇ ಕೌಂಟರು, ಮೊಣಕಾಲು. ಹೆಂಡತಿ ಚಾಪೆಯ ಮೇಲೆ ಎದ್ದು ಕೂತಳು.

"ಅವ್ನು ಸೋಮಾರಿ, ಒಪ್ತೀನಿ" ಎಂದಳು. "ಆದ್ರೆ ಆ ಹಾಳು ಡೈಲಾಗ್‌ಗಳಿಲ್ದೆ ಮನೆ ಮನೆ ಥರಾನೇ ಇಲ್ಲ. ನನ್ ತಮ್ಮನ್ನ ಕರ್ಕೊಂಡ್ ಬನ್ನಿ. ಅಲ್ಲೀವರ್ಗೂ ಮಂಚದ ಮೇಲೆ ನೀವೊಬ್ರೇ ಇರಿ, ರಾಜನ ಥರ."

ಪೀಪಿ ಡಬ್ಬಿ ಹಿಡಿದು ಕೂತ. ಆಗ ಹೊಳೆಯಿತು: ಅದರಲ್ಲಿ 'ಬನ್ನಿ' ಇದೆ, 'ಕಾಯಿರಿ' ಇದೆ, 'ಹೋಗಿ' ಇಲ್ಲ! ರಿಪೇರಿಯವನಿಗೆ ಫೋನು ಹಚ್ಚಿದ.

"'ಹೋಗಿ'ನಾ? ಅದು ಯಾವ ಆಫೀಸಲ್ಲೂ ಹಾಕಲ್ಲ ಸಾರ್" ಎಂದ ಅವನು. "ಕೆಲಸ ಆದ್ರೆ ಜನ ಅವರಾಗೇ ಹೋಗ್ತಾರಲ್ಲ."

"ಐದನೇ ಕೌಂಟರಿಗೆ ಹೋದೋರು ಬರ್ತಿಲ್ವಲ್ಲಪ್ಪಾ!"

"ಸಾರ್, ತಮಾಷೆ ಮಾಡ್ಬೇಡಿ. ಕೌಂಟರ್ ನಂಬರನ್ನ ನಾಲ್ಕಕ್ಕೇ ಲಾಕ್ ಮಾಡಿದೀನಿ. ಐದು ಒತ್ತಿದ್ರೆ ಆ ಡಬ್ಬಿ ಮಾತೇ ಆಡ್ಬಾರ್ದು."

"ಆಡ್ತಲ್ಲಪ್ಪಾ. ನನ್ ದನೀಲೇ ಆಡ್ತು."

"ಹಾಗಿದ್ರೆ ಅದು ನೀವೇ ಇರ್ಬೇಕು ಸಾರ್" ಎಂದು ಅವನು ಫೋನು ಇಟ್ಟ.

ಪೀಪಿ ಡಬ್ಬಿಯ ಬ್ಯಾಟರಿ ಕಿತ್ತು ಕಿಟಕಿಯಾಚೆ ಎಸೆದ. ಉಳಿದದ್ದು ಒಂದೇ ದಾರಿ. 'ಹೋಗಿ' ಎಂದು ತಾನೇ ಹೇಳಬೇಕು, ಆದರೆ ಆ ದನಿಯಲ್ಲಿ. ಅದಕ್ಕೆ ನೆಗಡಿ ಬೇಕು.

ಆ ದಿನ ಆ ಮನೆಯಲ್ಲಿ ನಡೆದ ಹೋರಾಟವನ್ನು ಯಾರಾದರೂ ಸಿನಿಮಾ ತೆಗೆಯಬೇಕು. ಓನರ್ ಇಲ್ಲದ ಕಾರಣ ನೀರಿಗೆ ಬರವಿಲ್ಲ. ಹೆಂಡತಿ ಬಕೆಟ್ಟಿನ ಮೇಲೆ ಬಕೆಟ್ಟು ತಣ್ಣೀರು ಸುರಿದಳು. ಪೀಪಿ ಒದ್ದೆ ಬನಿಯನ್ನಿನಲ್ಲೇ ಫ್ಯಾನಿನ ಕೆಳಗೆ ಕೂತು ಐಸು ಚೀಪಿದ.

"ಬಂತಾ ರೀ?"

"ಇಲ್ಲ" ಎಂದ, ಪೀಪಿಯಾಗಿಯೇ.

"ಬೇಡದೇ ಇದ್ದಾಗ ಕರೀದೇನೇ ಬರುತ್ತೆ. ಈಗ ನೋಡಿ, ಮೂಗು ಕೂಡ ನಿಮ್ ಮಾತು ಕೇಳಲ್ಲ." ಇನ್ನೊಂದು ಬಕೆಟ್ಟು.

ಶನಿವಾರ ಬೆಳಿಗ್ಗೆ ಪೀಪಿ ಎದ್ದು "ಕಾಫಿ" ಎಂದ. ಅಡುಗೆಮನೆಯ ತಟ್ಟೆಗಳು ಝಣ್ ಎಂದವು. ಹೆಂಡತಿ ಕೈಯಲ್ಲಿದ್ದ ಲೋಟ ಇಟ್ಟು, ಗಂಡನನ್ನು ಮೊದಲ ಸಲ ನೋಡುವಂತೆ ನೋಡಿದಳು. "ಅಯ್ಯೋ! ಮಿಷಿನ್ನಲ್ಲಿರೋದು ನೀವೇನಾ ಹಾಗಾದ್ರೆ?"

"ನಾನೇ" ಎಂದ ಪೀಪಿ. ಹೀಗೆ ಹೇಳುವಾಗ ಅವನಿಗೆ ಪೂರ್ತಿ ನಂಬಿಕೆಯಿರಲಿಲ್ಲ.

ಆಫೀಸಿನ ಹಾಲ್ ತುಂಬಿತ್ತು. ಪೀಪಿ ಜನರನ್ನು ಸೀಳಿಕೊಂಡು ಓಣಿಗೆ ನಡೆದ. ಅಲ್ಲಿ ಹಸಿ ಸುಣ್ಣದ ವಾಸನೆ ಮೂಗು ಕಟ್ಟಿದವನಿಗೂ ಬಡಿಯಿತು. ಮೂವರೂ ಕೂತಿದ್ದರು. ಅವರ ಮೊಣಕಾಲುಗಳು ಕಾಣಿಸುತ್ತಿರಲಿಲ್ಲ. ತೊಡೆಗಳು ಗೋಡೆಯವರೆಗೆ ಹೋಗಿ, ಅಲ್ಲಿಂದ ಮುಂದೆ ಗೋಡೆಯೇ ಇತ್ತು.

ಪೀಪಿ ಎದೆ ತುಂಬ ಉಸಿರು ತುಂಬಿಕೊಂಡ.

"ಟೋಕನ್ ಸಂಖ್ಯೆ ಎರಡು! ಟೋಕನ್ ಸಂಖ್ಯೆ ಮೂರು! ಟೋಕನ್ ಸಂಖ್ಯೆ ನಾಲ್ಕು! ದಯವಿಟ್ಟು... ಮನೆಗೆ ಹೋಗಿ!"

ಓಣಿ ಕಂಪಿಸಿತು. ಸೂರಿನಿಂದ ಸುಣ್ಣದ ಪುಡಿ ಉದುರಿತು. ಪಚಕ್, ಪಚಕ್ ಎಂದು ಕೆಸರಿನಿಂದ ಕಾಲು ಕಿತ್ತ ಸದ್ದು. ಓನರ್ ಎದ್ದರು, ಮೊಣಕಾಲಿನಿಂದ ಕೆಳಗೆ ಬೆಳ್ಳಗೆ, ಕೆನ್ನೆ ಮುಟ್ಟಿಕೊಂಡು, "ರೇಜರ್ ಎಲ್ಲಿಟ್ಟೆ?" ಎಂದರು. ಹೆಡ್ ಗುಮಾಸ್ತರು ಫೈಲು ಸರಿಮಾಡಿಕೊಂಡು, "ಯಾರಯ್ಯಾ ಅದು ನನ್ನ ಆಫೀಸಲ್ಲಿ ಗಂಟಲು ಹರ್ಕೊಳ್ಳೋದು?" ಎಂದರು. ಬಾಮೈದ ಎದ್ದು ಮೈಮುರಿದು ಆಕಳಿಸಿದ.

"ಭಾವಾ! ಏನ್ ವಾಯ್ಸು ಗುರೂ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ? ಈ ದನೀಲಿ ಒಂದೇ ಒಂದ್ ಸಲ 'ಏಳು' ಅಂದಿದ್ರೆ ಮಂಚಾನ ತಲೆ ಮೇಲೆ ಹೊತ್ಕೊಂಡ್ ಬಂದು ಕೊಡ್ತಿದ್ದೆ!"

ಪೀಪಿಯ ಕಣ್ಣು ತುಂಬಿತು. ಹಾಲಿನಲ್ಲಿದ್ದ ಜನವೆಲ್ಲ ಅವನನ್ನೇ ನೋಡುತ್ತಿದ್ದರು. ಯಾರೂ ನಗುತ್ತಿರಲಿಲ್ಲ. "ಹಂಗಾದ್ರೆ ಇವತ್ತಿಂದ ಮಂಚ..." ಎಂದು ಅವನು ಶುರುಮಾಡಿದ.

"ಆ... ಆಕ್ಷೀ!"

ಸೀನಿದ್ದು ಗೋಡೆ.

ಅದಾಗಿ ಒಂದು ಕ್ಷಣಕ್ಕೆ ಪೀಪಿಗೆ ಅದೇ ಸೀನು ಬಂತು. ಅಷ್ಟೇ ಉದ್ದ, ಅಷ್ಟೇ ಗಟ್ಟಿ.

ಆಮೇಲೆ, ನಿಧಾನವಾಗಿ, ಗೋಡೆಯ ಒಳಗಿಂದ:

"ಟೋಕನ್ ಸಂಖ್ಯೆ... ಒಂದು... ಕೌಂಟರ್ ಸಂಖ್ಯೆ... ಐದು... ದಯವಿಟ್ಟು ಬನ್ನಿ."

"ಅಬ್ಬಾ, ಒಂದನೇ ನಂಬರ್ ಬಂತಪ್ಪಾ ಕೊನೆಗೂ!" ಎಂದರು ಓನರ್. "ಯಾರ್ರೀ ಅದು? ಬೇಗ ಹೋಗ್ರೀ, ಒಂದು ವಾರ ಕಾಯ್ಸಿದೀರ!"

ಎಲ್ಲರೂ ಅತ್ತಿತ್ತ ನೋಡಿದರು. ಪೀಪಿಯೂ ನೋಡಿದ, ಎಲ್ಲರಿಗಿಂತ ಜೋರಾಗಿ ಕತ್ತು ತಿರುಗಿಸಿ. ಸರಿಯಾಗಿ ಕಾಣಲಿ ಎಂದು ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದ. ಮುಚ್ಚಳ ಬಿಚ್ಚಿದ. ಮಡಚಿದ ಚೀಟಿ ಅಂಗೈ ಮೇಲೆ ಬಿದ್ದು ತಾನಾಗಿ ಬಿಚ್ಚಿಕೊಂಡಿತು.

ಅವನ ಬಲಗಾಲು ಮುಂದಕ್ಕೆ ಹೋಯಿತು. ನಿಲ್ಲು ಎಂದ. ಎಡಗಾಲು ಹೋಯಿತು. ಬಾಗಿಲು ತುಂಬುವಂಥ ದೇಹ, ಬಾಗಿಲೇ ಇಲ್ಲದ ಕಡೆಗೆ ಹೊರಟಿತು. ಸುಣ್ಣ ತಣ್ಣಗೆ ಅವನ ಮೂಗಿಗೆ ತಾಕಿ, ಆಮೇಲೆ ಕಿವಿಯವರೆಗೆ ಬಂತು.

"ಭಾವ!" ಹಿಂದಿನಿಂದ ಬಾಮೈದ ಕೂಗಿದ. "ಒಳಗೆ ಜಾಸ್ತಿ ಹೊತ್ತಾಗುತ್ತಾ? ಅಲ್ಲ, ಯಾಕ್ ಕೇಳ್ದೆ ಅಂದ್ರೆ... ನೀವು ಬರೋವರ್ಗೂ ಮಂಚ ನಂದೇ ತಾನೇ?"

ಅಲ್ಲ ಎನ್ನಲು ಪೀಪಿ ಶಕ್ತಿಯೆಲ್ಲ ಕೂಡಿಸಿ ಬಾಯಿ ತೆರೆದ.

"ಧನ್ಯವಾದಗಳು" ಎಂದಿತು ಗೋಡೆ.